ಕರಾಚಿಯಿಂದ ಮುಂಬಯಿಗೆ ಏಳೂಕಾಲು ಗಂಟೆ

ಭೂಪಟದ ಮೇಲೆ ದಾರವಿಟ್ಟು ಊರಿಂದೂರಿಗೆ ದೂರ ಅಳೆಯುವುದನ್ನು ನಿಮಗೆ ಕಲಿಸಿದ್ದೆನಷ್ಟೆ. ದಾರದ ಅಳತೆಗೆ ಸಿಗದ ದೂರವೊಂದರ ಕಥೆಯನ್ನು ಇಂದು ಹೇಳುತ್ತೇನೆ.

1932ರ ಅಕ್ಟೋಬರ್ 15ರಂದು ಬೆಳಿಗ್ಗೆ 6.35ಕ್ಕೆ ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ‘ಪುಸ್ ಮಾತ್’ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನವನ್ನು ತಾವೇ ನಡೆಸಿಕೊಂಡು ಹೊರಟರು. ಅದರಲ್ಲಿದ್ದುದು ಪ್ರಯಾಣಿಕರಲ್ಲ, ಲಂಡನ್ನಿನಿಂದ ಬಂದಿದ್ದ ಅಂಚೆ. ಅಹಮದಾಬಾದಿನಲ್ಲಿ ಇಳಿದಾಗ ಇಂಧನದ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವು! ಮುಂಬಯಿಯ ಜುಹೂ ತಲುಪಿದಾಗ ಮಧ್ಯಾಹ್ನ 1.50. ಅಲ್ಲಿಂದ ನೆವಿಲ್ ವಿನ್ಸೆಂಟ್ ಅವರು, ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿಯ ಮಾರ್ಗವಾಗಿ, ಅಂಚೆಯನ್ನು ಮದರಾಸಿಗೆ ಒಯ್ದರು. ಭಾರತೀಯ ವಿಮಾನಯಾನ ಸಂಸ್ಥೆಯೊಂದರ ಆರಂಭ ಹೀಗಾಯಿತು.

ಕರಾಚಿ–ಮುಂಬಯಿಗಳ ನಡುವಿನ ನೇರ ದೂರ ಸುಮಾರು 870 ಕಿ.ಮೀ.; ಅಹಮದಾಬಾದಿನ ಮೂಲಕವಾದರೆ ಸುಮಾರು 1,040. ಜೆಟ್ ವಿಮಾನಕ್ಕೆ ಇದು ಒಂದೂವರೆ ಗಂಟೆಯ ದಾರಿ. 1982ರಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ, ಟಾಟಾ ಅವರು ಸುವರ್ಣ ಮಹೋತ್ಸವದ ನೆನಪಿಗಾಗಿ ಹಳೆಯ ಕಾಲದ ವಿಮಾನವೊಂದರಲ್ಲಿ ಇದೇ ಮಾರ್ಗವನ್ನು ಮತ್ತೆ ಕ್ರಮಿಸಿದರು.

ಆದರೆ 1947ರಲ್ಲಿ ಈ ದಾರಿಯ ನಡುವೆ ಗಡಿ ಮೂಡಿತ್ತು. 2025ರ ಏಪ್ರಿಲಿನಲ್ಲಿ ಎರಡೂ ದೇಶಗಳು ಪರಸ್ಪರರ ವಿಮಾನಗಳಿಗೆ ತಮ್ಮ ಆಕಾಶವನ್ನೇ ಮುಚ್ಚಿದವು. ಹಿಂದೆ ಎತ್ತಿನ ಗಾಡಿಯ ನೆರವಿನಿಂದ ಅರ್ಧ ದಿನದಲ್ಲಿ ಮುಗಿದ ಪಯಣಕ್ಕೆ ಆಮೇಲೆ ಮೂರನೆಯ ದೇಶವನ್ನು ಸುತ್ತಿ ಬರಬೇಕಾಯಿತು. ಭೂಪಟದ ಮೇಲಿನ ದಾರ ಮಾತ್ರ ಒಂದಿಂಚೂ ಉದ್ದವಾಗಿಲ್ಲ.