ಅಂಗನವಾಡಿ ಮತ್ತು ಅನುದಾನ ಕಡಿತ

ಮಕ್ಕಳ ಆಹಾರ, ಆರೋಗ್ಯ, ಕಲಿಕೆಗಳಿಗೆ ಸರ್ಕಾರ ಎತ್ತಿಡುವ ಹಣವನ್ನು ಇಳಿಸುವುದು ಅನುದಾನ ಕಡಿತ. ಬೆಲೆ ಏರುತ್ತಿದ್ದರೂ ಹಳೆಯ ದರವನ್ನೇ ಮುಂದುವರಿಸುವುದೂ ಅದರ ಇನ್ನೊಂದು ರೂಪ. ಆಯವ್ಯಯದ ಪುಸ್ತಕದಲ್ಲಿ ಅದನ್ನು ಹುಡುಕಿ ಹಿಡಿಯುವುದು ಕಷ್ಟ. ಈ ಎರಡರ ಪೆಟ್ಟನ್ನೂ ತಿಂದ ಸಂಸ್ಥೆ ಭಾರತದ ಅಂಗನವಾಡಿ.

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆಗಳೆಲ್ಲ ಒಂದೇ ಸೂರಿನಡಿ ಸಿಗಬೇಕೆಂಬುದು ಯೋಜನೆಯ ಹುರುಳು. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ.

ದೊಡ್ಡ ಪೆಟ್ಟು ಬಿದ್ದದ್ದು 2015ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ. ಹಿಂದಿನ ಬಜೆಟ್ಟಿನಲ್ಲಿ 18 ಸಾವಿರ ಕೋಟಿ ರೂಪಾಯಿ ದಾಟಿದ್ದ ಯೋಜನೆಯ ಮೊತ್ತ ಸುಮಾರು 8,300 ಕೋಟಿಗೆ ಕುಸಿಯಿತು. ಕೇಂದ್ರ ಕೊಟ್ಟ ಸಮಜಾಯಿಷಿ ಹೀಗಿತ್ತು: 14ನೇ ಹಣಕಾಸು ಆಯೋಗದ ಶಿಫಾರಸಿನಂತೆ ತೆರಿಗೆಯಲ್ಲಿ ರಾಜ್ಯಗಳ ಪಾಲು ಶೇ 32ರಿಂದ 42ಕ್ಕೆ ಏರಿದೆ, ಆದ್ದರಿಂದ ಇಂಥ ಯೋಜನೆಗಳ ಹೊರೆಯನ್ನು ರಾಜ್ಯಗಳು ಹೆಚ್ಚಾಗಿ ಹೊರಬೇಕು. ಲೆಕ್ಕ ಸರಿಯೆಂದು ಕಂಡರೂ ಹಾಗೆ ಬಂದ ಹಣವನ್ನು ಮಕ್ಕಳಿಗೇ ಬಳಸಬೇಕೆಂಬ ಕಟ್ಟುಪಾಡು ಇರಲಿಲ್ಲ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾಗಿದ್ದ ಮೇನಕಾ ಗಾಂಧಿಯವರೇ ತಮ್ಮದೇ ಸರ್ಕಾರದ ಹಣಕಾಸು ಸಚಿವ ಅರುಣ್ ಜೇಟ್ಲಿಯವರಿಗೆ ಪತ್ರ ಬರೆದು ಕಳವಳ ತೋಡಿಕೊಂಡರು. ಮುಂದೆ ಪೂರಕ ಅನುದಾನ ಬಂದು, ಪರಿಷ್ಕೃತ ಅಂದಾಜು 15 ಸಾವಿರ ಕೋಟಿ ದಾಟಿತು. ಆದರೆ ಬಜೆಟ್ ಮಂಡಿಸಿದ ದಿನ ಆರು ತಿಂಗಳಾಗಿದ್ದ ಕೂಸು ಆ ಹಣಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು. ತಾಯಿಯ ಹಾಲಿನ ಜೊತೆಗೆ ಮೆತ್ತಗಿನ ಅನ್ನ, ಬೇಳೆ ತಿನ್ನಿಸಬೇಕಾದ ತಿಂಗಳುಗಳು ಅವು.

ವೆಚ್ಚ ಹಂಚಿಕೆಯೂ ಬದಲಾಯಿತು. ಪೌಷ್ಟಿಕ ಆಹಾರವನ್ನು ಬಿಟ್ಟು ಉಳಿದ ಖರ್ಚಿನಲ್ಲಿ ಕೇಂದ್ರ ನೂರಕ್ಕೆ 90 ಕೊಡುತ್ತಿದ್ದದ್ದು 60ಕ್ಕೆ ಇಳಿಯಿತು.

ಕಡಿತ ಅಂಗನವಾಡಿಯ ಹೊಸ್ತಿಲಿಗೆ ಬರುವುದು ಬಹುಮಟ್ಟಿಗೆ ವಿಳಂಬದ ವೇಷದಲ್ಲಿ. ಬಾಡಿಗೆ ಕಟ್ಟಡದ ಯಜಮಾನ ಎರಡು ಮೂರು ತಿಂಗಳಿನ ಬಾಕಿ ಕೇಳುತ್ತ ಬಾಗಿಲಲ್ಲಿ ನಿಲ್ಲುತ್ತಾನೆ. ಸಿಲಿಂಡರ್ ಮುಗಿದಿರುತ್ತದೆ. ಮೊಟ್ಟೆಯ ಬೆಲೆ ಸರ್ಕಾರಿ ದರ ಮೀರಿದರೆ ಮೇಲಿನ ಐವತ್ತು ಪೈಸೆಯೋ ರೂಪಾಯಿಯೋ ಕಾರ್ಯಕರ್ತೆಯ ಕೈಯಿಂದಲೇ ಹೋಗಬೇಕು. ಅಂಗಡಿಯ ಉದ್ರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ತರಕಾರಿ, ಒಗ್ಗರಣೆ ಎಣ್ಣೆಯ ಲೆಕ್ಕ ಬೆಳೆಯುತ್ತದೆ. ಹೊತ್ತಿಗೆ ಸರಿಯಾಗಿ ತಟ್ಟೆ ಹಿಡಿದು ಸಾಲಾಗಿ ಕೂತ ಮಕ್ಕಳನ್ನು ಬರಿ ಹೊಟ್ಟೆಯಲ್ಲಿ ಮನೆಗೆ ಕಳಿಸಲು ಅವಳಿಗೆ ಮನಸ್ಸು ಬರುವುದಿಲ್ಲ. ಸೇವೆ ನಿಲ್ಲದೆ ನಡೆದಿದೆ ಎಂಬ ವರದಿಯ ಹಿಂದೆ ಈ ಸಾಲವಿದೆ. ಅವಳಿಗೆ ಸಿಗುವುದು ಸಂಬಳವೂ ಅಲ್ಲ, ಗೌರವಧನ. ಅದನ್ನು ತಿಂಗಳಿಗೆ 10 ಸಾವಿರಕ್ಕೆ ಏರಿಸಬೇಕೆಂದು 2017ರ ಮಾರ್ಚ್‌ನಲ್ಲಿ ಸಾವಿರಾರು ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿ ಹಗಲು ರಾತ್ರಿ ರಸ್ತೆಯಲ್ಲೇ ಕಳೆದರು. ಕೇಂದ್ರದ ಪಾಲಿನ ಗೌರವಧನ 3,000ದಿಂದ 4,500 ರೂಪಾಯಿಗೆ ಏರಿದ್ದು 2018ರ ಅಕ್ಟೋಬರ್‌ನಲ್ಲಿ.

ಸದ್ದಿಲ್ಲದ ಕಡಿತಕ್ಕೆ ಊಟದ ದರವೇ ಸಾಕ್ಷಿ. ಒಂದು ಮಗುವಿನ ದಿನದ ಪೂರಕ ಆಹಾರಕ್ಕೆ 6 ರೂಪಾಯಿ ಇದ್ದದ್ದನ್ನು 2017ರಲ್ಲಿ 8 ರೂಪಾಯಿ ಮಾಡಲಾಯಿತು. ಆಮೇಲೆ ಬೇಳೆ, ಎಣ್ಣೆ, ಗ್ಯಾಸ್ ಎಲ್ಲವೂ ತುಟ್ಟಿಯಾದವು. ದರ ಹೆಚ್ಚಿಸುವ ಮಾತು ಕೇಂದ್ರ ಬಜೆಟ್ ಭಾಷಣದಲ್ಲಿ ಬಂದದ್ದು 2025ರಲ್ಲಿ.

ವಯಸ್ಸಿಗೆ ಬರುವ ಮಕ್ಕಳ ಸೇವೆಯಲ್ಲಿ ಕಡಿತದ ಫಲ ಬೇರೆ ಬಗೆಯದು. ಇಂಗ್ಲೆಂಡಿನಲ್ಲಿ ಅದನ್ನು ಅಳೆದು ನೋಡಿದ್ದಾರೆ. 2010ರ ನಂತರದ ಮಿತವ್ಯಯದಲ್ಲಿ ಸ್ಥಳೀಯ ಆಡಳಿತಗಳು ಲಂಡನ್ನಿನ ಯೂತ್ ಕ್ಲಬ್‌ಗಳಲ್ಲಿ ಸುಮಾರು ಶೇ 30ರಷ್ಟನ್ನು ಮುಚ್ಚಿದವು. ಹತ್ತಿರದ ಕ್ಲಬ್ ಕಳೆದುಕೊಂಡ ಹುಡುಗ ಹುಡುಗಿಯರ ಪರೀಕ್ಷಾ ಫಲಿತಾಂಶ ಇಳಿದದ್ದನ್ನೂ ಅಪರಾಧಕ್ಕೆ ಇಳಿಯುವ ಸಂಭವ ಏರಿದ್ದನ್ನೂ ಅಲ್ಲಿನ ಹಣಕಾಸು ಅಧ್ಯಯನ ಸಂಸ್ಥೆ 2024ರಲ್ಲಿ ದಾಖಲಿಸಿತು.

ಭಾರತದಲ್ಲಿ ಕಿಶೋರಿಯರಿಗಾಗಿ 2010ರಲ್ಲಿ ಆರಂಭವಾದ ‘ಸಬಲಾ’ 11ರಿಂದ 18 ವಯಸ್ಸಿನವರಿಗೆ ಆಹಾರ, ಕಬ್ಬಿಣಾಂಶದ ಮಾತ್ರೆ, ಬದುಕಿನ ಕೌಶಲಗಳ ತರಬೇತಿ ಕೊಡುತ್ತಿತ್ತು. ಬರಬರುತ್ತ ಅದು ಶಾಲೆ ಬಿಟ್ಟ 11ರಿಂದ 14 ವಯಸ್ಸಿನ ಹುಡುಗಿಯರಿಗೆ ಕುಗ್ಗಿತು. ಮುಂದೆ ಬಂದ ಕೇಂದ್ರದ ಪೋಷಣೆ ಯೋಜನೆ ‘ಪೋಷಣ್ 2.0’ರಲ್ಲಿ ವಯಸ್ಸಿನ ಮಿತಿ 14ರಿಂದ 18 ಎಂದಾಯಿತಾದರೂ, ಈಶಾನ್ಯ ರಾಜ್ಯಗಳನ್ನು ಬಿಟ್ಟರೆ ಹಿಂದುಳಿದವೆಂದು ಕೇಂದ್ರ ಗುರುತಿಸಿದ ‘ಮಹತ್ವಾಕಾಂಕ್ಷಿ’ ಜಿಲ್ಲೆಗಳಿಗಷ್ಟೇ ಅದು ಸೀಮಿತ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ರಾಯಚೂರು, ಯಾದಗಿರಿ ಎರಡೇ. ಗಡಿಯಾಚೆ ಕಲಬುರಗಿಯ ಹಳ್ಳಿಯಲ್ಲಿ ತೊಗರಿ ಕೊಯ್ಲಿಗೆ ಹೋಗುವ ಅದೇ ವಯಸ್ಸಿನ ಹುಡುಗಿ ಈ ಯೋಜನೆಯ ಲೆಕ್ಕಕ್ಕೆ ಬರುವುದಿಲ್ಲ.