ಪಿಎಂಎಲ್

ಭೂಕಂಪದ ಅಲೆ ನಿಜವಾದ ನೆಲದಲ್ಲಿ ದೂರ ದೂರಕ್ಕೆ ಸಾಗಿಹೋಗುತ್ತದೆ. ಕಂಪ್ಯೂಟರಿನೊಳಗಿನ ನೆಲವಾದರೋ ಎಲ್ಲೋ ಒಂದು ಕಡೆ ಮುಗಿಯಲೇಬೇಕು. ಮುಗಿದಲ್ಲಿ ಅಲೆ, ಬಾವಿಯೊಳಗೆ ಕೂಗಿದ ದನಿಯಂತೆ, ತಿರುಗಿ ಬಂದು ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಹಾಗಾಗದಂತೆ ಮಾದರಿಯ ಸುತ್ತ ಹೊದಿಸುವ ಕೃತಕ ಪದರವೇ ಪರ್ಫೆಕ್ಟ್ಲಿ ಮ್ಯಾಚ್ಡ್ ಲೇಯರ್, ಚಿಕ್ಕದಾಗಿ ಪಿಎಂಎಲ್.

ಫ್ರಾನ್ಸಿನ ಜಾನ್-ಪಿಯೆರ್ ಬೆರಾಂಜೆ 1994ರಲ್ಲಿ ಇದನ್ನು ಮಂಡಿಸಿದ್ದು ವಿದ್ಯುತ್ಕಾಂತೀಯ ಅಲೆಗಳಿಗಾಗಿ. ಆಮೇಲೆ ಅದು ಶಬ್ದಕ್ಕೂ ಭೂಕಂಪನಕ್ಕೂ ಹಬ್ಬಿತು. ಹೆಸರಿನಲ್ಲಿರುವ ‘ಮ್ಯಾಚ್ಡ್’ ಹಳೆಯ ವಿದ್ಯುತ್ ಶಾಸ್ತ್ರದ ಮಾತು. ವಿದ್ಯುತ್ ಶಾಸ್ತ್ರಜ್ಞ ಆಲಿವರ್ ಹೆವಿಸೈಡ್ 1886ರಲ್ಲಿ ‘ಇಂಪೀಡೆನ್ಸ್’, ಅಂದರೆ ತಡೆ, ಎಂಬ ಪದ ಟಂಕಿಸಿದ್ದ. ಎರಡು ಮಾಧ್ಯಮಗಳ ಇಂಪೀಡೆನ್ಸ್ ಹೊಂದಿಕೊಂಡರೆ ನೇರವಾಗಿ ಬಂದ ಅಲೆ ಎಡವದೆ ದಾಟುತ್ತದೆ, ಹೊಂದದಿದ್ದರೆ ಒಂದು ಪಾಲು ಹಿಂದಿರುಗುತ್ತದೆ. ಲೈಸ್ಮರ್ ಮತ್ತು ಕೂಲ್‌ಮೆಯರ್ ಎಂಬ ಎಂಜಿನಿಯರರು 1969ರಲ್ಲಿ ಮಾದರಿಯ ಅಂಚಿಗೆ ಅಲೆಯನ್ನು ತಗ್ಗಿಸುವ ಡ್ಯಾಂಪರ್‌ಗಳನ್ನು ಜೋಡಿಸಿದ್ದರ ಹಿಂದೆಯೂ ಇದೇ ತರ್ಕವಿತ್ತು. ನೇರ ಬಡಿದ ಅಲೆಯನ್ನು ಅವು ಪೂರ್ತಿ ನುಂಗುತ್ತಿದ್ದವು, ತೀರಾ ಓರೆಯಾಗಿ ಬಂದದ್ದು ತಪ್ಪಿಸಿಕೊಳ್ಳುತ್ತಿತ್ತು. ಬೆರಾಂಜೆಯ ಪದರದಲ್ಲಿ ಯಾವ ಕೋನದ, ಯಾವ ಆವರ್ತಾಂಕದ ಅಲೆಯೂ ಸದ್ದಿಲ್ಲದೆ ಒಳಹೊಕ್ಕು, ಸಾಗುತ್ತ ಸಾಗುತ್ತ ಕ್ಷೀಣಿಸುತ್ತದೆ.

‘ಪರ್ಫೆಕ್ಟ್’ ಅನ್ನುವುದು ಸ್ವಲ್ಪ ಜಂಬದ ಮಾತೇ. ಸಮೀಕರಣದಲ್ಲಿ ಪ್ರತಿಫಲನ ಸೊನ್ನೆ, ನಿಜ. ಅದನ್ನು ಚೌಕಗಳ ಜಾಲರಿಗೆ ಇಳಿಸಿದಾಗ ಕೊಂಚ ಉಳಿದೇ ಉಳಿಯುತ್ತದೆ.

ಅಲೆಯನ್ನು ಹೀರಿಕೊಳ್ಳುವ ಈ ಪದರವನ್ನು ಕನ್ನಡದಲ್ಲಿ ‘ಶೋಷಕ ಪದರ’ ಎಂದರೆ ಯಾರನ್ನೋ ಸುಲಿಗೆ ಮಾಡಿದಂತೆ ಕೇಳಿಸೀತು. ‘ಹೀರುಪದರ’ ವಾಸಿ. ಬಳಸುವುದು ಹೀಗೆ: “ಅಣೆಕಟ್ಟಿನ ತಳಪಾಯದ ಮಾದರಿಗೆ ಮೂರು ಬದಿ ಹೀರುಪದರ ಹಾಕಿ, ಮೇಲ್ಮೈಯನ್ನು ಹಾಗೇ ಬಿಡಿ.”