ಕೆಂಪು ಮೆರುಗಿನ ಬೆನ್ನು ಹತ್ತಿದ ಕುಂಬಾರ

ಹೆಸರು, ದುಡ್ಡು ಎರಡನ್ನೂ ತಂದುಕೊಟ್ಟ ಕೆಲಸವನ್ನು ಯಾರಾದರೂ ತಾವಾಗಿ ಬಿಡುತ್ತಾರಾ? ಜಪಾನಿನ ಮಿಯಾಗಾವಾ ಕೋಜಾನ್ ಬಿಟ್ಟರು.

1842ರಲ್ಲಿ ಕ್ಯೋಟೋದ ಕುಂಬಾರರ ಮನೆಯಲ್ಲಿ ಹುಟ್ಟಿದ ಕೋಜಾನ್, 1870ರ ಸುಮಾರಿಗೆ ಯೊಕೊಹಾಮಾಕ್ಕೆ ಬಂದು ಆವಿಗೆ ಹೂಡಿದರು. ವಿದೇಶಿ ಹಡಗುಗಳು ಬಂದು ನಿಲ್ಲುವ ಬಂದರು ಅದು. ಅವರ ಹೂದಾನಿ, ಬೋಗುಣಿಗಳ ಮೇಲೆ ಹಕ್ಕಿ, ಏಡಿಗಳು ಜೀವ ಬಂದಂತೆ ಕೂತಿರುತ್ತಿದ್ದವು. ಬೋಗುಣಿಯ ಅಂಚಿಗೆ ಏಡಿಗಳು ಹತ್ತಿರುವ 1881ರ ಒಂದು ಕೆಲಸವನ್ನು ಇವತ್ತಿಗೂ ಜಪಾನಿನಲ್ಲಿ ರಾಷ್ಟ್ರದ ಆಸ್ತಿಯೆಂದು ಕಾಪಾಡಿದ್ದಾರೆ. ಹೊರದೇಶದವರು ಮುಗಿಬಿದ್ದು ಕೊಂಡರು. ಆದರೆ ಇಂಥ ಒಂದೊಂದನ್ನು ಮಾಡಲಿಕ್ಕೂ ಬಹಳ ದಿನ ಬೇಕು, ಸುಡುವಾಗ ಒಡೆದರೆ ಅಷ್ಟೂ ಶ್ರಮ ಮಣ್ಣುಪಾಲು.

ಹೊತ್ತಿಗೆ ಸರಿಯಾಗಿ ಕೊಳ್ಳುವವರ ರುಚಿಯೂ ಬದಲಾಗುತ್ತಿತ್ತು. ಅಮೆರಿಕ, ಯುರೋಪಿನ ಸಿರಿವಂತರಿಗೆ ಚೀನಾದ ಹಳೆಯ ಪಿಂಗಾಣಿಯ ಹುಚ್ಚು ಹಿಡಿದಿತ್ತು. ಚಿತ್ರವಿಲ್ಲ, ಗೊಂಬೆಯಿಲ್ಲ, ಬರೀ ಮೆರುಗಿನ ಬಣ್ಣ. 1886ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಒಂದು ಗೇಣಿನಷ್ಟು ಎತ್ತರದ ಚೀನೀ ಹೂದಾನಿ 18,000 ಡಾಲರಿಗೆ ಹೋಯಿತು. ಅದರದು ಪೀಚ್ ಹಣ್ಣಿನ ಸಿಪ್ಪೆಯಂಥ ತೆಳುಗೆಂಪು.

ಕೋಜಾನ್ ಕಾರ್ಖಾನೆಯ ದಿನದ ಜವಾಬ್ದಾರಿಯನ್ನು ದತ್ತುಮಗ ಹಾನ್‌ಜಾನ್‌ಗೆ ವಹಿಸಿ, ತಾವು ಈ ಚೀನೀ ಮೆರುಗುಗಳ ಹಿಂದೆ ಬಿದ್ದರು.

ಕಷ್ಟ ಇರುವುದು ಇಲ್ಲಿಯೇ. ಆ ಕೆಂಪು ಬರುವುದು ತಾಮ್ರದಿಂದ. ಮೆರುಗಿಗೆ ತಾಮ್ರ ಬೆರೆಸಿದರೆ ಸಾಲದು, ಬೆಂಕಿಗೆ ಗಾಳಿ ಸಾಕಷ್ಟು ಸಿಗದಂತೆ ನೋಡಿಕೊಳ್ಳಬೇಕು. ಗಾಳಿ ಹೆಚ್ಚಾದರೆ ಅದೇ ತಾಮ್ರ ಹಸಿರಾಗುತ್ತದೆ. ಕಬ್ಬಿಣದ್ದೂ ಇದೇ ಆಟ: ಗಾಳಿ ಕಡಿಮೆಯಾದರೆ ತಿಳಿಹಸಿರು, ಹೆಚ್ಚಾದರೆ ಕಂದು. ಆವಿಗೆ ಮುಚ್ಚಿ ಹೊಗೆ ಕೂಡಿಸಿ ಮಡಕೆ ಕಪ್ಪಾಗಿಸುವ ನಮ್ಮ ಕುಂಬಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಣ್ಣ ಹೇಗೆ ಬಂತೆಂಬುದು ಆವಿಗೆ ಆರಿ, ಬಾಗಿಲು ತೆಗೆದ ಮೇಲೆಯೇ ಗೊತ್ತು. ನಮಗೆ ಬಹಳ ಹಿಡಿಸಿದ್ದೊಂದು: ಚೀನಾದ ಆ ಪೀಚ್ ಬಣ್ಣದಲ್ಲಿ ಅಲ್ಲಲ್ಲಿ ಹಸಿರು ಚುಕ್ಕೆಗಳಿರುತ್ತವೆ. ಕೆಂಪಾಗದೆ ಉಳಿದ ತಾಮ್ರ ಅದು. ಜನ ಅದನ್ನೇ ಚೆಂದ ಎಂದರು.

ಕೋಜಾನ್ ಅದನ್ನು ಸಾಧಿಸಿದರು. ನಕಲಿಗೇ ನಿಲ್ಲದೆ ಆ ಮೆರುಗುಗಳ ಕೆಳಗೆ ಜಪಾನೀ ಹೂಬಳ್ಳಿಗಳನ್ನೂ ಬರೆದರು. 1896ರಲ್ಲಿ ಚಕ್ರವರ್ತಿಯ ಅರಮನೆ ಅವರನ್ನು ಆಸ್ಥಾನ ಕಲಾವಿದರಾಗಿ ನೇಮಿಸಿತು. 1916ರಲ್ಲಿ ತೀರಿಕೊಂಡರು.

1945ರ ಮೇ 29ರಂದು ಅಮೆರಿಕದ ವಿಮಾನಗಳು ಯೊಕೊಹಾಮಾ ಮೇಲೆ ಬೆಂಕಿಬಾಂಬು ಸುರಿದವು. ಆವಿಗೆ ಸುಟ್ಟುಹೋಯಿತು. ಮನೆತನದ ಮೂರನೇ ಕೋಜಾನ್, ಅವರ ಮನೆಯವರು, ಕೆಲಸಗಾರರು ಸತ್ತರು. ನಾಲ್ಕನೆಯವರು ಮತ್ತೆ ಕಟ್ಟಲು ನೋಡಿದರು, ಕೈಗೂಡಲಿಲ್ಲ. ಹಡಗು ಹತ್ತಿ ಪರದೇಶಕ್ಕೆ ಹೋಗಿದ್ದ ಹೂದಾನಿಗಳು ಉಳಿದವು. ಜಪಾನಿನವರು ಈಗ ಅವನ್ನು ಹುಡುಕಿ, ದುಡ್ಡು ಕೊಟ್ಟು ವಾಪಸು ತರುತ್ತಿದ್ದಾರೆ.